ರಬ್ಬರ್ ತೋಳಿನ ಒಪ್ಪಿಗೆ

ಹನ್ನೊಂದು ದಿನ ನಮ್ಮ ಅಕ್ಕನಿಗೆ ಲೈಸೆನ್ಸ್ ಇರಲಿಲ್ಲ. ಈಗ ಬಂದಿದೆ, ಗಾಜು ಹಾಕಿಸಿ ಗೋಡೆಗೆ ತಗುಲಿಸಿಯೂ ಆಗಿದೆ. ಆದ್ದರಿಂದ ಓದುವವರು ಗಾಬರಿಪಡಬೇಕಾಗಿಲ್ಲ. ಪಡಬೇಕಾದ ಗಾಬರಿಯನ್ನೆಲ್ಲ ಆ ಹನ್ನೊಂದು ದಿನ ನಾನೊಬ್ಬನೇ ಪಟ್ಟು ಮುಗಿಸಿದ್ದೇನೆ.

ನಾನು ಡಾಕ್ಟರು, ಅವಳು ನರ್ಸು. ಕ್ಲಿನಿಕ್ಕಿನ ಬೋರ್ಡಿನ ಮೇಲೆ ಇರುವುದು ನನ್ನ ಹೆಸರು, ಒಳಗೆ ನಡೆಯುವುದು ಅವಳ ದರ್ಬಾರು. ಇರುವುದು ಎರಡೇ ಕೋಣೆ, ನಡುವೆ ಒಂದು ಹಸಿರು ಪರದೆ. ಈಚೆ ನಾನು ನಾಡಿ ಹಿಡಿದು ಚೀಟಿ ಬರೆಯುತ್ತೇನೆ, ಆಚೆ ಅವಳು ಇಂಜೆಕ್ಷನ್ ಕೊಡುತ್ತಾಳೆ, ಗಾಯ ತೊಳೆದು ಪಟ್ಟಿ ಕಟ್ಟುತ್ತಾಳೆ. ಮನೆಯಿಂದ ಅಲ್ಲಿಗೆ ಎಂಟು ನಿಮಿಷದ ದಾರಿ. ಮನೆಯಲ್ಲಿ ನಾನು ‘ಲೋ’, ದಾರಿಯುದ್ದಕ್ಕೂ ‘ಲೋ’. ಕ್ಲಿನಿಕ್ಕಿನ ಹೊಸಿಲು ದಾಟಿದ್ದೇ ತಡ, “ಡಾಕ್ಟ್ರೇ, ಮೊದಲನೇ ಪೇಷೆಂಟ್ ಕಳಿಸ್ಲಾ?” ಒಮ್ಮೆ ಬೀಗ ತೆಗೆಯುತ್ತ ಹೊಸಿಲ ಮೇಲೆಯೇ ನಿಂತಿದ್ದಾಗ ಗೊಂದಲವಾಗಿ “ಲೋ ಡಾಕ್ಟ್ರೇ” ಅಂದುಬಿಟ್ಟಳು. ಅದಕ್ಕೆ ಮೂರು ದಿನ ತನ್ನ ಮೇಲೆಯೇ ಸಿಡಿಮಿಡಿಗೊಂಡಿದ್ದಳು.

ಬೀದಿಯವರು ಅವಳಿಗೆ ಇಟ್ಟಿರುವ ಹೆಸರು ಪ್ರಶ್ನೆ ಸಿಸ್ಟರ್. ಕೇಳದೆ ಅವಳು ಯಾರಿಗೂ ಚುಚ್ಚುವುದಿಲ್ಲ. ಹೆಸರೇನು, ಯಾವ ಔಷಧಿ ಒಗ್ಗಲ್ಲ, ಬೆಳಿಗ್ಗೆ ಏನು ತಿಂದ್ರಿ, ಈ ಇಂಜೆಕ್ಷನ್ ಯಾಕೆ ಅಂತ ಗೊತ್ತಾ, ಚುಚ್ಚಲಾ? ಕೊನೆಯದಕ್ಕೆ ಬಾಯಿಬಿಟ್ಟು ‘ಹೂಂ’ ಅನ್ನಲೇಬೇಕು. ತಲೆ ಆಡಿಸಿದರೆ ಸಾಲದು. ದವಡೆ ಊದಿ ಬಾಯಿ ತೆರೆಯಲಾಗದವನೊಬ್ಬನ ಕೈಯಲ್ಲಿ ‘ಹೂಂ’ ಎಂದು ಕಾಗದದ ಮೇಲೆ ಬರೆಸಿಕೊಂಡಿದ್ದಾಳೆ. ‘ಹೂಂ’ ಸಿಕ್ಕಿದ ಮೇಲೆ ಇನ್ನೊಂದು ಪ್ರಶ್ನೆ, ಇದು ಉದ್ದ ಉತ್ತರ ಬೇಡುವಂಥದ್ದು: “ನಿಮ್ಮ ಸೊಸೆ ಹೇಗಿದ್ದಾಳೆ?” ಉತ್ತರದ ಎರಡನೇ ಮಾತಿಗೆ ಸೂಜಿ ಒಳಗೆ, ನಾಲ್ಕನೆಯದಕ್ಕೆ ಹೊರಗೆ. ಸೊಸೆಯ ಪುರಾಣ ಮಾತ್ರ ಹತ್ತಿ ಒಣಗಿದರೂ ಮುಗಿಯುವುದಿಲ್ಲ.

ಪರದೆಯ ಆಚೆಗಿನ ಗೋಡೆಗೆ ಅವಳೇ ಬರೆದು ಅಂಟಿಸಿದ ಕಾಗದವೊಂದಿದೆ. “ಈ ನರ್ಸಿನ ಕೆಲಸದ ಬಗ್ಗೆ ದೂರಿದ್ದರೆ ಈ ವಿಳಾಸಕ್ಕೆ ಬರೆಯಿರಿ.” ಕೆಳಗೆ ಮಂಡಳಿಯ ವಿಳಾಸ, ತನ್ನ ನೋಂದಣಿ ಸಂಖ್ಯೆ. ಮಂಡಳಿ ಎಂದರೆ ಡಾಕ್ಟರು ನರ್ಸುಗಳಿಗೆಲ್ಲ ಲೈಸೆನ್ಸ್ ಕೊಡುವ, ತಪ್ಪು ಮಾಡಿದರೆ ಕಿತ್ತುಕೊಳ್ಳುವ ಕಚೇರಿ. ಅವಳು ನರ್ಸಾದ ಮೂವತ್ತೊಂದು ವರ್ಷದಲ್ಲಿ ಬಂದದ್ದು ಒಂದೇ ದೂರು. ಒಬ್ಬ ಅಜ್ಜ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ “ಈಯಮ್ಮಂಗೆ ಮಾತು ಜಾಸ್ತಿ” ಅಂದ. ಅಕ್ಕ ಅವನನ್ನು ಒಳಗೆ ಕರೆದು ಕೂರಿಸಿ, ಅದನ್ನು ಅರ್ಜಿಯಾಗಿ ಬರೆದು, ಅವನ ಸಹಿ ಹಾಕಿಸಿ, ತಾನೇ ಅಂಚೆಗೆ ಹಾಕಿದಳು. ವರ್ಷದ ನಂತರ ಮಂಡಳಿಯಿಂದ ಉತ್ತರ ಬಂತು: ನಿಮ್ಮ ಮೇಲಿನ ದೂರನ್ನು ನೀವೇ ಕಳಿಸಿದ್ದೇಕೆಂದು ಹದಿನೈದು ದಿನದೊಳಗೆ ತಿಳಿಸತಕ್ಕದ್ದು.

ಇದು ಹುಚ್ಚಲ್ಲ. ಹುಚ್ಚೇ ಇದ್ದರೂ ಇರಬಹುದು, ಆದರೆ ಅದಕ್ಕೊಂದು ಕಾರಣವಿದೆ.

ನಮ್ಮಮ್ಮ ಬಟ್ಟೆ ಹೊಲಿಯುತ್ತಿದ್ದಳು. ಅಪ್ಪ ಆಗಲೇ ತೀರಿಕೊಂಡಿದ್ದ. ನನಗೆ ಆರು ವರ್ಷ, ಅಕ್ಕನಿಗೆ ಹದಿನಾಲ್ಕು. ಅಮ್ಮನಿಗೆ ಜ್ವರ ಬಂತೆಂದು ಬೀದಿಯ ತಿರುವಿನಲ್ಲಿ ಹೊಸದಾಗಿ ಬಾಗಿಲು ತೆರೆದಿದ್ದ ಡಾಕ್ಟರ ಹತ್ತಿರ ಹೋದೆವು. ಅವನ ಹೆಸರಿನ ಮುಂದೆ ಎಷ್ಟು ಡಿಗ್ರಿಗಳಿದ್ದವೆಂದರೆ ಬೋರ್ಡು ಸಾಲದೆ ಅವು ಗೋಡೆಯ ಮೇಲೂ ಹರಿದಿದ್ದವು. ಆ ಮನುಷ್ಯ ಏನನ್ನೂ ಕೇಳಲಿಲ್ಲ. ಅಮ್ಮನ ಬಲತೋಳು ಹಿಡಿದ, ಸಿಕ್ಕಿದ ಕಡೆ ಚುಚ್ಚಿದ. ಸೂಜಿ ನರಕ್ಕೆ ತಗುಲಿತು. ಆವತ್ತಿನಿಂದ ಅಮ್ಮನ ಬಲ ಮಣಿಕಟ್ಟು ಮೇಲೇಳಲಿಲ್ಲ, ಹಸ್ತ ಜೋತುಬಿತ್ತು. ಅದು ಕತ್ತರಿ ಹಿಡಿಯುವ ಕೈ. ಎಡಗೈಯಲ್ಲಿ ಕತ್ತರಿ ಹಿಡಿಯುವುದನ್ನು ಕಲಿಯಲು ಅಮ್ಮನಿಗೆ ಎರಡು ವರ್ಷ ಹಿಡಿಯಿತು, ಆ ಎರಡು ವರ್ಷ ನಮ್ಮ ಮನೆಯಲ್ಲಿ ಯಾರೂ ಹೊಟ್ಟೆ ತುಂಬ ಉಂಡದ್ದು ನನಗೆ ನೆನಪಿಲ್ಲ.

ಅಕ್ಕ ಅಮ್ಮನನ್ನು ಮಂಡಳಿಗೆ ಕರೆದುಕೊಂಡು ಹೋದಳು. ಅಲ್ಲಿನ ಗುಮಾಸ್ತ ದಪ್ಪ ರಿಜಿಸ್ಟರ್ ತೆಗೆದು ಬೆರಳಿಟ್ಟು ಹುಡುಕಿ, “ಅವನ ಹೆಸರು ಇದ್ರಲ್ಲಿ ಇಲ್ಲಮ್ಮ. ರಿಜಿಸ್ಟರಲ್ಲಿ ಇರೋರು ತಪ್ಪು ಮಾಡಿದ್ರೆ ನಾವು ಹಿಡ್ಕೋಬಹುದು. ಇವನು ನಮ್ಮೋನೇ ಅಲ್ವಲ್ಲ” ಅಂದ.

“ಡಾಕ್ಟರೇ ಅಲ್ದೋನು ಚುಚ್ಚಿದ್ರೆ ತಪ್ಪಲ್ವಾ?” ಎಂದು ಅಕ್ಕ ಕೇಳಿದಳಂತೆ.

“ತಪ್ಪೇ. ಆದ್ರೆ ಅದು ನಮ್ಮ ತಪ್ಪಲ್ಲ.”

ಅವರು ವಾಪಸ್ಸು ಬರುವಷ್ಟರಲ್ಲಿ ಬೋರ್ಡೂ ಇರಲಿಲ್ಲ, ಬೋರ್ಡಿನವನೂ ಇರಲಿಲ್ಲ. ಗೋಡೆಯ ಮೇಲೆ ಹರಿದಿದ್ದ ನಾಲ್ಕು ಅಕ್ಷರಗಳಷ್ಟೇ ಉಳಿದಿದ್ದವು. ಅಕ್ಕ ಆಗಲೇ ನಿಶ್ಚಯಿಸಿಬಿಟ್ಟಳು, ಆ ದಪ್ಪ ಪುಸ್ತಕದಲ್ಲಿ ತನ್ನ ಹೆಸರಿರಬೇಕು. ಒಳ್ಳೆಯವಳು ಅನ್ನಿಸಿಕೊಳ್ಳುವುದಕ್ಕಲ್ಲ. ತಾನು ತಪ್ಪು ಮಾಡಿದರೆ ಯಾರಾದರೂ ಬಂದು ಕೊರಳಪಟ್ಟಿ ಹಿಡಿಯುವಂತಿರಬೇಕು, ಅದಕ್ಕೆ. ಆಮೇಲೆ ನನ್ನನ್ನೂ ಓದಿಸಿ ಅದೇ ಪುಸ್ತಕಕ್ಕೆ ಸೇರಿಸಿದಳು. ನನ್ನ ಲೈಸೆನ್ಸ್ ಮುಗಿಯುವ ತಾರೀಖು ನನಗೆ ಗೊತ್ತಿಲ್ಲ, ಅವಳಿಗೆ ಗೊತ್ತು. ಅರ್ಜಿ ತುಂಬಿ ತಂದು ಮುಂದಿಡುತ್ತಾಳೆ, ನಾನು ಸಹಿ ಹಾಕುತ್ತೇನೆ.

ಅಮ್ಮನಿಗೆ ಈಗ ಎಪ್ಪತ್ತೈದು, ಸಕ್ಕರೆ ಕಾಯಿಲೆ. ದಿನಾ ಬೆಳಿಗ್ಗೆ ಇನ್ಸುಲಿನ್ ಬೇಕು. ಕೈ ಹೋದಂದಿನಿಂದ ಅಕ್ಕನ ಕೈಯ ಸೂಜಿ ಬಿಟ್ಟು ಬೇರೆ ಯಾರ ಸೂಜಿಗೂ ಅಮ್ಮ ತೋಳು ಕೊಟ್ಟಿರಲಿಲ್ಲ. ನನಗೂ ಕೊಟ್ಟಿರಲಿಲ್ಲ. “ನಿಂಗ್ಯಾಕೆ ಬಿಡೋ, ಅವಳಿದ್ದಾಳಲ್ಲ” ಅನ್ನುತ್ತಿದ್ದಳು. ಡಾಕ್ಟರಾಗಿ ಇಪ್ಪತ್ತು ವರ್ಷವಾಯಿತು, ಬೀದಿಗೆ ಬೀದಿಯೇ ನನ್ನ ಮುಂದೆ ತೋಳು ಚಾಚುತ್ತದೆ, ಹೆತ್ತ ತಾಯಿ ಚಾಚುತ್ತಿರಲಿಲ್ಲ. ಇದು ನನಗೆ ನೋವಿನ ವಿಷಯವಾಗಿತ್ತು. ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ.

ಹೀಗಿರುವಾಗ ಮಂಡಳಿ ಹೊಸ ನಿಯಮ ತಂದಿತು. ರೋಗಿಗಳ ರಕ್ಷಣೆಗಾಗಿ, ಇನ್ನು ಮೇಲೆ ಲೈಸೆನ್ಸ್ ರಿನ್ಯೂ ಮಾಡಿಸುವವರೆಲ್ಲ ಮಂಡಳಿಯ ಮುಂದೆ ಹದಿನಾಲ್ಕು ಹಂತಗಳಲ್ಲಿ ಒಂದು ಇಂಜೆಕ್ಷನ್ ಕೊಟ್ಟು ತೋರಿಸಬೇಕು. ಒಂದು ಹಂತ ಬಿಟ್ಟರೂ ಲೈಸೆನ್ಸ್ ಇಲ್ಲ. ಅಕ್ಕನಿಗೆ ಖುಷಿಯೋ ಖುಷಿ. “ಈಗ ಬುದ್ಧಿ ಬಂತು ನೋಡೋ ಅವ್ರಿಗೆ” ಅಂದಳು. ಅವಳ ಸರದಿ ಬಂದದ್ದು ಹಳೆಯ ಲೈಸೆನ್ಸಿನ ಕೊನೆಯ ದಿನ. ಅದು ಸಂಜೆ ಐದಕ್ಕೆ ಮುಗಿಯುತ್ತದೆ.

“ಒಂದ್ವೇಳೆ ಆಗದೇ ಹೋದ್ರೆ?” ಎಂದು ಬೆಳಿಗ್ಗೆ ಕೇಳಿದೆ.

“ಆಗದಿದ್ರೆ ಸೂಜಿ ಮುಟ್ಟಲ್ಲ. ಕ್ಲಿನಿಕ್ಕಲ್ಲೂ ಇಲ್ಲ, ಮನೇಲೂ ಇಲ್ಲ.”

“ಅಮ್ಮನಿಗೆ?”

ಅವಳು ಸೆರಗು ಸರಿಮಾಡಿಕೊಂಡು ಕೊಡೆ ಎತ್ತಿಕೊಂಡಳು.

ಕೆಲಸ ಕೊಟ್ಟ ಡಾಕ್ಟರು ಖುದ್ದಾಗಿ ಬಂದು ಸಾಕ್ಷಿ ಹೇಳಬೇಕಾಗಿದ್ದರಿಂದ ನಾನೂ ಹೋದೆ. ಉದ್ದನೆಯ ಹಾಲು, ತಿರುಗುವಾಗ ಟಕ್ ಟಕ್ ಅನ್ನುವ ಫ್ಯಾನು, ಹದಿನೆಂಟು ನರ್ಸುಗಳು. ಮೇಜಿನ ಮೇಲೆ ಟವೆಲ್ಲು ಹಾಸಿ ಅದರ ಮೇಲೊಂದು ರಬ್ಬರ್ ತೋಳು ಮಲಗಿಸಿದ್ದರು. ಬಲತೋಳು. ಮಣಿಕಟ್ಟಿನಿಂದ ಕೆಳಗೆ ಹಸ್ತ ಸೋತು ಜೋತುಬಿದ್ದಿತ್ತು. ನಾನು ಅಕ್ಕನ ಮುಖ ನೋಡಿದೆ, ಅವಳು ನನ್ನ ಮುಖ ನೋಡಲಿಲ್ಲ.

ಮುಖ್ಯ ಪರೀಕ್ಷಕರು ಜೇಬಿನಲ್ಲಿ ಮೂರು ಪೆನ್ನು ಸಿಕ್ಕಿಸಿಕೊಂಡ ಹಿರಿಯ ಡಾಕ್ಟರು. ಹದಿನಾಲ್ಕು ಹಂತ ಬರೆದವರೂ ಅವರೇ. ಹದಿನೇಳು ನರ್ಸುಗಳು ಒಬ್ಬೊಬ್ಬರಾಗಿ ಬಂದು “ಹೆಸರು ಕೇಳಿದೆ ಅಂದ್ಕೊಳ್ಳಿ, ಒಪ್ಪಿಗೆ ಸಿಕ್ತು ಅಂದ್ಕೊಳ್ಳಿ” ಎನ್ನುತ್ತ ಎರಡೆರಡು ನಿಮಿಷದಲ್ಲಿ ಚುಚ್ಚಿ ಪಾಸಾಗಿ ಹಿಂದಿನ ಬೆಂಚಿನಲ್ಲಿ ಕೂತರು. ಮೂರು ಗಂಟೆಗೆ ಕೊನೆಯವಳಾಗಿ ಅಕ್ಕ ಬಂದಳು. ಕೈ ತೊಳೆದಳು, ಸೂಜಿ ನೋಡಿದಳು.

“ಪೇಷೆಂಟ್ ಹೆಸರೇನು ಸಾರ್?”

“ರಬ್ಬರ್ ತೋಳಿಗೆ ಹೆಸರೆಲ್ಲಿ ಬರಬೇಕು ಸಿಸ್ಟರ್? ಏನೋ ಒಂದು ಅಂದ್ಕೊಳ್ಳಿ.”

“ಅಂದ್ಕೊಂಡು ಇಂಜೆಕ್ಷನ್ ಕೊಡಬಾರದು ಸಾರ್. ಹೆಸರಿಲ್ಲ ಅಂತ ಬರ್ಕೋತೀನಿ.” ಬರೆದುಕೊಂಡು ತೋಳಿನ ಮೇಲೆ ಬಗ್ಗಿದಳು. “ಚುಚ್ಚಲಾ?”

ಹಾಲೆಲ್ಲ ತೋಳಿನ ಕಡೆ ಬಗ್ಗಿತು. ಫ್ಯಾನು ಟಕ್ ಟಕ್ ಅಂದಿತು. ನಾನೂ ಕಿವಿಗೊಟ್ಟೆ, ಸುಳ್ಳು ಹೇಳುವುದಿಲ್ಲ.

“ಒಪ್ಪಿಗೆ ಕೊಡ್ತು, ಮುಂದೆ ಹೋಗಿ” ಅಂದರು ಪರೀಕ್ಷಕರು.

“ನಿಮಗೆ ಕೇಳಿಸ್ತಾ ಸಾರ್?” ಅಕ್ಕ ನಿಜಕ್ಕೂ ಕೇಳಿದ್ದು, ವ್ಯಂಗ್ಯ ಅವಳಿಗೆ ಬರುವುದಿಲ್ಲ. ಚೀಲದಿಂದ ನಿಯಮದ ಹಾಳೆ ತೆಗೆದು ಓದಿದಳು. “ನಾಲ್ಕನೇ ಹಂತ. ರೋಗಿಯ ಒಪ್ಪಿಗೆಯನ್ನು ಮಾತಿನಲ್ಲಿ ಪಡೆಯತಕ್ಕದ್ದು. ಪಡೆಯದ ಹೊರತು ಮುಂದುವರಿಯತಕ್ಕದ್ದಲ್ಲ. ಕೆಳಗಿರೋ ಸಹಿ ಯಾರದು ಸಾರ್?”

ಸಹಿ ಅವರದೇ. ತಾವು ಬರೆದ ನಿಯಮವನ್ನು ತಪ್ಪು ಅನ್ನಲು ಅವರಿಗೆ ಬಾಯಿ ಬರಲಿಲ್ಲ. ಕನ್ನಡಕ ಏರಿಸಿ ಹಾಳೆ ತಿರುವಿ, “ರೋಗಿಗೆ ಮಾತಾಡೋಕಾಗದಿದ್ರೆ ಪೋಷಕರ ಒಪ್ಪಿಗೆ ಅಂತ ಇದೆ” ಅಂದರು, ಗೆದ್ದವರಂತೆ. ತೋಳಿನ ಪೋಷಕರು ಯಾರು? ಮಂಡಳಿಯ ಸ್ಟೋರ್ ಕೀಪರನನ್ನು ಕರೆಸಿದರು. ಅವನು ದಾಸ್ತಾನು ಪುಸ್ತಕ ಕಂಕುಳಲ್ಲಿಟ್ಟುಕೊಂಡು ಬಂದ. ರಬ್ಬರ್ ತೋಳು, ಬಲ, ಒಂದು. ಬಂದು ಒಂಬತ್ತು ವರ್ಷ.

“ಒಂಬತ್ತು ವರ್ಷ ಅಂದ್ರೆ ಮೈನರ್” ಎಂದಳು ಅಕ್ಕ, ಸಮಾಧಾನದಿಂದ. “ನೀವು ಇದಕ್ಕೆ ಏನಾಗಬೇಕು?”

“ಏನೂ ಆಗ್ಬೇಕಿಲ್ಲಮ್ಮ. ಆದ್ರೆ ದಿನಾ ಸಂಜೆ ಒರೆಸಿ, ಪೌಡರ್ ಹಾಕಿ, ಪೆಟ್ಟಿಗೇಲಿ ಮಲಗಿಸೋನು ನಾನೇ.”

“ಅಷ್ಟು ಸಾಕು. ಯಾವ ಔಷಧಿ ಒಗ್ಗಲ್ಲ?”

“ಸ್ಪಿರಿಟ್ ಜಾಸ್ತಿ ಆದ್ರೆ ಮೈ ಬಿರಿಯುತ್ತೆ.” ಅವನ ದನಿ ಒದ್ದೆಯಾಗಿತ್ತು. ಒಂಬತ್ತು ವರ್ಷದಲ್ಲಿ ಆ ತೋಳಿನ ಯೋಗಕ್ಷೇಮ ಕೇಳಿದವರು ಇವಳೊಬ್ಬಳೇ ಇರಬೇಕು.

“ಇದಕ್ಕೆ ಮುಂಚೆ ಇಂಜೆಕ್ಷನ್ ತಗೊಂಡಿದ್ಯಾ?”

ಅವನು ಪುಸ್ತಕ ನೋಡಿ ಹೇಳಿದ. “ನಾಲ್ಕು ಸಾವಿರದ ಇನ್ನೂರ ಆರು.”

ಅಕ್ಕ ಸೂಜಿಯನ್ನು ತಟ್ಟೆಯಲ್ಲಿ ಇಟ್ಟುಬಿಟ್ಟಳು. “ಒಂಬತ್ತು ವರ್ಷದ ಕೂಸಿಗೆ ಇಷ್ಟೊಂದಾ? ಬರ್ಕೊಟ್ಟ ಡಾಕ್ಟರು ಯಾರು? ಚೀಟಿ ಎಲ್ಲಿ?”

ಹಿಂದಿನ ಬೆಂಚಿನ ಹದಿನೇಳು ಮಂದಿ ಮುಖ ಮುಖ ನೋಡಿಕೊಂಡರು. ಯಾರೂ ಚೀಟಿ ಕೇಳಿರಲಿಲ್ಲ. ಪರೀಕ್ಷಕರು ಕೆಂಪಗಾದರು. “ನಾನೇ ಬರ್ಕೊಡ್ತೀನಿ, ಸಾಕಾ?” ಎಂದು ಮೂರರಲ್ಲಿ ಒಂದು ಪೆನ್ನು ಕಿತ್ತು ಗೀಚಿ ಕೊಟ್ಟರು. ಅಕ್ಕ ಎರಡೂ ಕೈಯಲ್ಲಿ ತೆಗೆದುಕೊಂಡು ಓದಿದಳು.

“ನೋಂದಣಿ ಸಂಖ್ಯೆ ಹಾಕಿಲ್ಲ ಸಾರ್. ಕಾರ್ಡ್ ಇದ್ರೆ ಕೊಡಿ, ನಾನೇ ನೋಡಿ ಬರ್ಕೋತೀನಿ.”

ಅವರು ಪರ್ಸಿನಿಂದ ಕಾರ್ಡು ತೆಗೆದು ಮೇಜಿನ ಮೇಲೆ ಒಗೆದರು. ಅಕ್ಕ ಕಿಟಕಿಯ ಬೆಳಕಿಗೆ ಹಿಡಿದಳು. ತುಂಬ ಹೊತ್ತು ಹಿಡಿದಳು. ಆಮೇಲೆ ಅವರ ಹತ್ತಿರ ಹೋಗಿ, ಬೇರೆಯವರಿಗೆ ಕೇಳಿಸುವುದಿಲ್ಲ ಅಂದುಕೊಂಡು ಇಡೀ ಹಾಲಿಗೆ ಕೇಳುವಂತೆ ಪಿಸುಗುಟ್ಟಿದಳು. “ಸಾರ್, ಇದು ಮುಗಿದು ಮೂರು ವಾರ ಆಯ್ತು.”

“ಅರ್ಜಿ ಹಾಕಿದೀನಿ! ಫೈಲು ಮುಖ್ಯ ಪರೀಕ್ಷಕರ ಸಹಿಗೆ ಕಾಯ್ತಾ ಇದೆ!”

“ಮುಖ್ಯ ಪರೀಕ್ಷಕರು ಯಾರು ಸಾರ್?” ಎಂದ ಸ್ಟೋರ್ ಕೀಪರ. ಅವನಿಗೆ ಗೊತ್ತಿತ್ತು, ಆದರೂ ಕೇಳಿದ. ತಮ್ಮ ಫೈಲಿಗೆ ತಾವೇ ಸಹಿ ಹಾಕುವಂತಿಲ್ಲವೆಂದು ಪುಣ್ಯಾತ್ಮರು ಮೂರು ವಾರದಿಂದ ಅದನ್ನು ತಮ್ಮ ಮೇಜಿನ ಮೇಲೇ ಇಟ್ಟುಕೊಂಡು ಕೂತಿದ್ದರು.

ಗಂಟೆ ನಾಲ್ಕಾಗುತ್ತ ಬಂದಿತ್ತು. ಇನ್ನೊಂದು ಗಂಟೆಯಲ್ಲಿ ಅಕ್ಕ ನರ್ಸಾಗಿ ಉಳಿಯುವುದಿಲ್ಲ. ಎದ್ದು, “ನನ್ನ ಲೈಸೆನ್ಸ್ ಚಾಲ್ತಿಯಲ್ಲಿದೆ, ಚೀಟಿ ನಾನು ಬರೀತೀನಿ” ಅಂದೆ.

“ನೋಡ್ದೇ ಬರೆಯೋ ಹಾಗಿಲ್ಲ ಡಾಕ್ಟ್ರೇ” ಅಂದಳು ಅಕ್ಕ. “ಮೊದ್ಲು ಪೇಷೆಂಟ್ ನೋಡಿ.”

ಇಪ್ಪತ್ತು ವರ್ಷದ ಅಭ್ಯಾಸ. ನನ್ನ ಬೆರಳು ತಾನಾಗಿ ಹೋಗಿ ರಬ್ಬರ್ ಮಣಿಕಟ್ಟು ಹಿಡಿಯಿತು, ಕಣ್ಣು ತಾನಾಗಿ ಗಡಿಯಾರಕ್ಕೆ ಹೋಯಿತು, ಬಾಯಿ ತಾನಾಗಿ ಅಂದಿತು: “ನಾಡಿ ಸಿಗ್ತಿಲ್ಲ.”

“ನಾಡಿ ಇಲ್ದೋರಿಗೆ ಇಂಜೆಕ್ಷನ್ ಯಾಕೆ ಡಾಕ್ಟ್ರೇ?”

ಪರೀಕ್ಷಕರ ತಾಳ್ಮೆ ಕಿತ್ತುಹೋಯಿತು. “ಇದರಲ್ಲಿ ಕೇಳೋದೇನಿದೆ ರೀ! ಹಿಡಿಯೋದು, ಚುಚ್ಚೋದು! ಹೀಗೆ!” ಎಂದು ಎಡಗೈಯಲ್ಲಿ ತೋಳನ್ನು ಎತ್ತಿ ಹಿಡಿದು ಬಲಗೈಯಲ್ಲಿ ಸೂಜಿ ಇಳಿಸಿದರು. ನಾಲ್ಕು ಸಾವಿರದ ಇನ್ನೂರ ಆರು ಸಲ ಚುಚ್ಚಿಸಿಕೊಂಡ ರಬ್ಬರು ಅಡ್ಡಿ ಮಾಡಲಿಲ್ಲ. ಸೂಜಿ ಈ ಕಡೆ ಹೊಕ್ಕು ಆ ಕಡೆ ಹೊರಟು ಅವರ ಅಂಗೈಗೆ ನಾಟಿತು. ಪರೀಕ್ಷಕರು ಚೀರಿದರು. ಸ್ಟೋರ್ ಕೀಪರನೂ ಚೀರಿ ಓಡಿಬಂದು ತೋಳನ್ನು ಎತ್ತಿಕೊಂಡ.

ಅಭ್ಯಾಸದ ಸೂಜಿ ಅದು, ಬುಡದಲ್ಲಿ ತುಕ್ಕು ಹಿಡಿದಿತ್ತು. ಧನುರ್ವಾಯುವಿನ ಇಂಜೆಕ್ಷನ್ ಕೊಡಲೇಬೇಕು. ಪರೀಕ್ಷಕರ ನಾಡಿ ಸಿಕ್ಕಿತು, ಚೆನ್ನಾಗಿಯೇ ಓಡುತ್ತಿತ್ತು. ನಾನು ಚೀಟಿ ಬರೆದೆ, ಒಬ್ಬ ನರ್ಸು ಎದುರಿನ ಔಷಧಿ ಅಂಗಡಿಗೆ ಓಡಿ ಹೊಸ ಸೂಜಿಯನ್ನೂ ಔಷಧಿಯನ್ನೂ ತಂದಳು. ಕೊಡುವವರು ಯಾರು? ಪರೀಕ್ಷಕರು ಹಿಂದಿನ ಬೆಂಚನ್ನು ನೋಡಿದರು. ಅಲ್ಲಿ ಅವರೇ ಪಾಸು ಮಾಡಿದ ಹದಿನೇಳು ಮಂದಿ ಇದ್ದರು. ಮತ್ತೆ ಅಕ್ಕನ ಕಡೆ ತಿರುಗಿ ಅಂಗಿಯ ತೋಳು ಮಡಚಿ, “ನೀವೇ ಕೊಡಿ ಸಿಸ್ಟರ್” ಅಂದರು.

ಗಂಟೆ ನಾಲ್ಕು ನಲವತ್ತು. ಅಕ್ಕ ಮತ್ತೆ ಕೈ ತೊಳೆದಳು. ಹೆಸರು ಕೇಳಿದಳು, ಒಗ್ಗದ ಔಷಧಿ ಕೇಳಿದಳು, ಬೆಳಿಗ್ಗೆ ಏನು ತಿಂದ್ರಿ ಎಂದಳು. “ಚುಚ್ಚಲಾ?” ಪರೀಕ್ಷಕರು ತಲೆ ಆಡಿಸಿದರು. ಅಕ್ಕ ಕಾದಳು. “ಹೂಂ” ಅಂದರು.

“ಮೊದಲನೇ ಸಲ ಇಂಜೆಕ್ಷನ್ ಕೊಟ್ಟಿದ್ದು ಯಾರಿಗೆ ಸಾರ್, ನೆನಪಿದ್ಯಾ?”

“ಓ, ಅದಾ? ಆಗ ನನಗೆ ಇಪ್ಪತ್ಮೂರು...” ಸೂಜಿ ಹೋಗಿ ಬಂದಾಗಿತ್ತು. ಅವರು ಮಾತ್ರ ಹೇಳುತ್ತಲೇ ಹೋದರು, ಕೈ ನಡುಗಿದ್ದು, ಪೇಷೆಂಟೇ ಧೈರ್ಯ ಹೇಳಿದ್ದು. ಮುಗಿಸಿ ಕೇಳಿದರು, “ಯಾವಾಗ ಚುಚ್ತೀರಿ?”

ಹಿಂದಿನ ಬೆಂಚು ಚಪ್ಪಾಳೆ ತಟ್ಟಿತು. ಪರೀಕ್ಷಕರು ಕಣ್ಣೊರೆಸಿಕೊಂಡು ಅಕ್ಕನ ಹಾಳೆಯ ಮೇಲೆ ಹದಿನಾಲ್ಕಕ್ಕೆ ಹದಿನಾಲ್ಕು ಎಂದು ಬರೆದು ಸಹಿ ಹಾಕಿದರು. ನಾನು ಉಸಿರು ಬಿಟ್ಟೆ. ಅಕ್ಕ ಹಾಳೆ ತೆಗೆದುಕೊಂಡು ಓದಿ, ಮೆಲ್ಲಗೆ ಮಡಿಸಿ, ಅವರ ಮುಂದೆಯೇ ಇಟ್ಟಳು.

“ನಿಮ್ಮ ಸಹಿ ನಡೆಯಲ್ಲ ಸಾರ್. ನಿಮ್ದು ಮುಗಿದಿದೆ.”

ಅಯ್ಯೋ ದೇವರೇ ಎಂದು ನಾನು ತಲೆಯ ಮೇಲೆ ಕೈಯಿಟ್ಟುಕೊಂಡೆ. ಮೂರು ವಾರದಲ್ಲಿ ಅವರು ಪಾಸು ಮಾಡಿದವರೆಲ್ಲ ಆ ಒಂದು ಮಾತಿಗೆ ಫೇಲಾದರು, ಹಿಂದಿನ ಬೆಂಚಿನ ಚಪ್ಪಾಳೆ ಅಲ್ಲಿಗೇ ನಿಂತಿತು. ಗಡಿಯಾರ ಐದು ಹೊಡೆಯಿತು. ಅಕ್ಕ ತನ್ನ ಹಳೆಯ ಕಾರ್ಡನ್ನು ಚೀಲದ ತಳಕ್ಕೆ ಹಾಕಿದಳು. ದಾರಿಯಲ್ಲಿ ನನಗೆ ಹೇಗೆ ರೇಗಿತೆಂದರೆ, “ಸುಮ್ನೆ ತಗೊಂಡು ಬರ್ಬಾರ್ದಿತ್ತಾ? ಯಾರು ನೋಡ್ತಿದ್ರು?” ಎಂದು ಬೀದಿಯಲ್ಲೇ ಕೂಗಿದೆ.

“ಆವತ್ತೂ ಯಾರೂ ನೋಡಿರ್ಲಿಲ್ಲ ಕಣೋ” ಅಂದಳು ಅಕ್ಕ. ಅವಳ ಕಣ್ಣಲ್ಲಿ ನೀರಿತ್ತು. ನಾನು ಅವಳ ಕೈಯಿಂದ ಕೊಡೆ ತೆಗೆದುಕೊಂಡು ಪಕ್ಕದಲ್ಲಿ ನಡೆದೆ.

ಆ ಹನ್ನೊಂದು ದಿನ ಯಾಕೆ ಬೇಕಾಯಿತೆಂಬುದನ್ನೂ ಹೇಳಿಬಿಡುತ್ತೇನೆ. ಪರೀಕ್ಷಕರು ಮೊದಲು ತಾವು ಪಾಸಾಗಬೇಕಿತ್ತು. ಅವರನ್ನು ಪರೀಕ್ಷೆ ಮಾಡಲು ಬೇರೊಂದು ಕಡೆಯಿಂದ ಪರೀಕ್ಷಕರು ಬರಬೇಕಿತ್ತು. ಬಂದರು. ಆದರೆ ಒಪ್ಪಿಗೆ ಕೊಡಬೇಕಾದ ಸ್ಟೋರ್ ಕೀಪರ, ತೋಳು ಇನ್ನೂ ಸುಧಾರಿಸಿಕೊಂಡಿಲ್ಲ ಎಂದು ಎರಡು ಸಲ ವಾಪಸ್ಸು ಕಳಿಸಿದ.

ನಾನು ಹೇಳಬೇಕಾದದ್ದು ಮೊದಲನೇ ಬೆಳಗಿನ ವಿಷಯ. ಅಮ್ಮ ಎಂದಿನಂತೆ ಕಿಟಕಿಯ ಬಳಿಯ ಕುರ್ಚಿಯಲ್ಲಿ ಎಡತೋಳಿನ ರವಿಕೆ ಮೇಲಕ್ಕೆ ಸರಿಸಿಕೊಂಡು ಕೂತಿದ್ದಳು. ಅಕ್ಕ ಗೋಡೆಗೆ ಒರಗಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ನಾನು ಇನ್ಸುಲಿನ್ ಹಿಡಿದು ಅಮ್ಮನ ಮುಂದೆ ಹೋದೆ. ಅಮ್ಮ ತೋಳನ್ನು ಸೆರಗಿನೊಳಗೆ ಎಳೆದುಕೊಂಡಳು.

“ನಿನ್ ಹತ್ರ ಲೈಸೆನ್ಸ್ ಇದ್ಯೇನೋ?”

ನಾನು ನಗಲಿಲ್ಲ. ಒಳಗೆ ಹೋಗಿ ಕಾರ್ಡು ತಂದು ಕೊಟ್ಟೆ. ಅಮ್ಮ ಕನ್ನಡಕ ಹಾಕಿಕೊಂಡು ಎಡಗೈಯಲ್ಲಿ ಹಿಡಿದು ಓದಿದಳು, ತಾರೀಖಿನ ಮೇಲೆ ಹೆಬ್ಬೆರಳು ಆಡಿಸಿದಳು.

“ಇದನ್ನ ಸರಿಯಾದ ಟೈಮಿಗೆ ಮಾಡಿಸ್ದೋರು ಯಾರು?”

“ಅಕ್ಕ.”

“ಹಂಗಾದ್ರೆ ಸರಿ” ಎಂದು ತೋಳು ಚಾಚಿದಳು.

ನಲವತ್ತೇಳು ವರ್ಷದ ಗಂಡಸು ನಾನು, ಸೂಜಿಯನ್ನು ಎರಡೆರಡು ಸಲ ನೋಡಿಕೊಂಡೆ. ಒಪ್ಪಿಗೆ ಕೇಳಿದೆ, ‘ಹೂಂ’ ಸಿಕ್ಕಿತು. ಇನ್ನು ಉದ್ದ ಉತ್ತರದ ಪ್ರಶ್ನೆಯೊಂದು ಬೇಕು. ನನಗೆ ಒಂದೂ ಹೊಳೆಯಲಿಲ್ಲ. ಇಷ್ಟು ವರ್ಷದಲ್ಲಿ ಅಮ್ಮನನ್ನು ನಾನು ಏನು ಕೇಳಿದ್ದೆ? ಊಟ ಆಯ್ತಾ, ಮಾತ್ರೆ ತಗೊಂಡ್ಯಾ, ಅಷ್ಟೇ. ಕೊನೆಗೆ ಬಾಯಿಗೆ ಬಂದದ್ದನ್ನು ಕೇಳಿಬಿಟ್ಟೆ.

“ಅಮ್ಮಾ, ಆವತ್ತು ಅವನು ಚುಚ್ಚಿದಾಗ ತುಂಬ ನೋವಾಯ್ತಾ?”

ಅಮ್ಮ ಕಿಟಕಿಯಾಚೆ ನೋಡಿದಳು. “ನೋವಾಯ್ತು ಕಣೋ. ಕೂಗಬೇಕು ಅನ್ನಿಸ್ತು. ನೀನು ನನ್ನ ಸೀರೆ ಹಿಡ್ಕೊಂಡು ನಿಂತಿದ್ದೆ, ಎಲ್ಲಿ ಹೆದರ್ಕೋತೀಯೋ ಅಂತ ಸುಮ್ನಿದ್ದೆ. ಕೂಗಿದ್ರೆ ಅವನು ಕೈ ತೆಗೀತಿದ್ನೋ ಏನೋ.” ನನ್ನ ಕಡೆ ತಿರುಗಿ ಕೇಳಿದಳು. “ಚುಚ್ಚೋದಿಲ್ವೇನೋ?”

“ಚುಚ್ಚಿ ಆಯ್ತಮ್ಮ.”

ನನಗೆ ಕಣ್ಣು ಮಂಜಾಗಿ ಸೂಜಿ ತೆಗೆದ ಜಾಗ ಕಾಣಲಿಲ್ಲ, ಹತ್ತಿ ಎಲ್ಲಿಡಬೇಕೆಂದು ತಡವರಿಸಿದೆ. ಗೋಡೆಯ ಬಳಿ ಅಕ್ಕ ಬೆನ್ನ ಹಿಂದಿನ ಕೈ ತೆಗೆಯಲಿಲ್ಲ, ಒಂದು ಹೆಜ್ಜೆಯನ್ನೂ ಮುಂದಿಡಲಿಲ್ಲ. ನಮ್ಮ ಮನೆಯ ಆ ಕೋಣೆಯಲ್ಲಿ, ಹುಟ್ಟಿದಾಗಿನಿಂದ ‘ಲೋ’ ಆಗಿದ್ದ ನನಗೆ ಅಕ್ಕ ಹೇಳಿದಳು:

“ಸ್ವಲ್ಪ ಕೆಳಗೆ ಇಡಿ. ಉಜ್ಜಬೇಡಿ, ಒತ್ತಿ ಹಿಡೀರಿ ಡಾಕ್ಟ್ರೇ.”